ಹಳೆಯ ನೆಗೆಟಿವ್‌ಗಳನ್ನು ಮನೆಯಲ್ಲೇ ಕ್ಯಾಮೆರಾದಿಂದ ಡಿಜಿಟಲ್ ಮಾಡುವುದು ಹೇಗೆ

ನಮ್ಮ ಆಲ್ಬಮ್‌ನಲ್ಲಿ ಅಜ್ಜಿಯ ಒಂದು ಫೋಟೋ ಇದೆ. ಕಿಟಕಿ ಪಕ್ಕ ಕೂತಿದ್ದಾರೆ. ಮುಖ ಚೆನ್ನಾಗಿ ಬಂದಿದೆ, ಕಿಟಕಿಯ ಜಾಗದಲ್ಲಿ ಮಾತ್ರ ಬರೀ ಬಿಳಿ. ಎಷ್ಟೋ ವರ್ಷಗಳ ಮೇಲೆ ಅದರ ನೆಗೆಟಿವ್ ಕೈಗೆ ಸಿಕ್ಕಿತು. ಕ್ಯಾಮೆರಾದಲ್ಲಿ ತೆಗೆದು, ಕಂಪ್ಯೂಟರ್‌ನಲ್ಲಿ ಪಾಸಿಟಿವ್ ಮಾಡಿ, ಅಂದರೆ ಕಪ್ಪು-ಬಿಳಿಯನ್ನು ತಿರುಗಿಸಿ ಮಾಮೂಲಿ ಚಿತ್ರ ಮಾಡಿ ನೋಡಿದೆ. ಆ ಬಿಳಿ ಜಾಗದಲ್ಲಿ ಒಂದು ಮರ ಇತ್ತು. ಮರಕ್ಕೆ ಒರಗಿಸಿಟ್ಟ ಸೈಕಲ್ ಇತ್ತು. ಪ್ರಿಂಟ್ ಹಾಕಿದ ಕಾಗದ ಹಿಡಿಯಲಾರದೆ ಬಿಟ್ಟಿದ್ದೆಲ್ಲ ಫಿಲ್ಮ್‌ನಲ್ಲಿ ಹಾಗೇ ಉಳಿದಿತ್ತು.

ಅದಕ್ಕೇ ಹೇಳುತ್ತೇನೆ, ಆಲ್ಬಮ್‌ನ ಪ್ರಿಂಟ್‌ಗಳನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದು ಮುಗಿಯಿತು ಅಂದುಕೊಳ್ಳಬೇಡಿ. ನೆಗೆಟಿವ್ ಇದ್ದರೆ ಅದನ್ನೇ ಡಿಜಿಟಲ್ ಮಾಡಿ. ಸ್ಕ್ಯಾನರ್ ಬೇಕೇ ಬೇಕು ಅಂತೇನಿಲ್ಲ. ಲೆನ್ಸ್ ಬದಲಿಸಬಹುದಾದ ಒಂದು ಡಿಜಿಟಲ್ ಕ್ಯಾಮೆರಾ, ಹತ್ತಿರದಿಂದ ತೆಗೆಯುವ ಲೆನ್ಸ್, ಕೆಳಗಿನಿಂದ ಬೆಳಕು. ಇಷ್ಟಿದ್ದರೆ ಕೆಲಸ ಶುರು ಮಾಡಬಹುದು.

ಇದರಲ್ಲಿ ಎರಡು ಹಂತ ಇವೆ. ನೆಗೆಟಿವ್‌ನ ಫೋಟೋ ತೆಗೆಯುವುದು ಒಂದು, ಅದನ್ನು ಪಾಸಿಟಿವ್ ಮಾಡುವುದು ಇನ್ನೊಂದು. ಎರಡನೆಯದನ್ನು ನಾಳೆಯೂ ಮಾಡಬಹುದು, ಐದು ವರ್ಷ ಬಿಟ್ಟು ಇನ್ನೂ ಒಳ್ಳೆಯ ಸಾಫ್ಟ್‌ವೇರ್ ಬಂದಾಗ ಮತ್ತೆ ಮಾಡಬಹುದು. ಮೊದಲನೆಯದು ಕೆಟ್ಟರೆ ಮಾತ್ರ ಎಲ್ಲ ಕವರ್ ಬಿಚ್ಚಿ ಮತ್ತೆ ಕೂರಬೇಕು. ಹಾಗಾಗಿ ಇಲ್ಲಿ ಜಾಸ್ತಿ ಮಾತು ಫೋಟೋ ತೆಗೆಯುವುದರ ಬಗ್ಗೆಯೇ.

ಮೊದಲು ನೆಗೆಟಿವ್‌ಗಳನ್ನು ನೋಡಿ

ಕವರ್ ಬಿಚ್ಚಿದ ಕೂಡಲೇ ಕ್ಯಾಮೆರಾ ಹಿಡಿಯಬೇಡಿ. ಮೊದಲು ಮೂಸಿ ನೋಡಿ. ವಿನೆಗರ್‌ನಂತೆ ಹುಳಿ ವಾಸನೆ ಬಂದರೆ ಆ ಫಿಲ್ಮ್‌ನ ಅಸಿಟೇಟ್ (ಫಿಲ್ಮ್ ಮಾಡಿದ ಪ್ಲಾಸ್ಟಿಕ್) ಕೊಳೆಯಲು ಶುರುವಾಗಿದೆ ಅಂತ ಅರ್ಥ. ಅದರಿಂದ ಹೊರಬರುವ ಆಮ್ಲ ಪಕ್ಕದ ಫಿಲ್ಮ್‌ಗೂ ಕೇಡು. ಅಂಥವನ್ನು ಬೇರೆ ಇಡಿ, ಮೊದಲು ಅವನ್ನೇ ತೆಗೆದು ಮುಗಿಸಿ. ಅವು ಸುರುಟಿಕೊಳ್ಳುತ್ತಾ, ಕುಗ್ಗುತ್ತಾ ಹೋಗುತ್ತವೆ, ಕಾಯುವುದಿಲ್ಲ.

1950ರ ದಶಕದ ಆರಂಭಕ್ಕಿಂತ ಹಳೆಯ ನೆಗೆಟಿವ್ ಇದ್ದರೆ ಇನ್ನೊಂದು ಎಚ್ಚರಿಕೆ. ಆಗಿನ ಕೆಲವು ಫಿಲ್ಮ್‌ಗಳು ನೈಟ್ರೇಟ್‌ನಿಂದ ಮಾಡಿದವು, ಬಹಳ ಬೇಗ ಬೆಂಕಿ ಹಿಡಿಯುತ್ತವೆ. ಅಂಚಿನಲ್ಲಿ ಇಂಗ್ಲಿಷ್‌ನಲ್ಲಿ ‘ಸೇಫ್ಟಿ’ ಅಂತ ಅಚ್ಚಾಗಿದ್ದರೆ ಆ ಭಯ ಇಲ್ಲ. ಅನುಮಾನ ಇದ್ದರೆ ಮನೆಯಲ್ಲಿ ಪ್ರಯೋಗ ಬೇಡ, ಹಳೆಯ ಫಿಲ್ಮ್ ಸಂರಕ್ಷಣೆ ಗೊತ್ತಿರುವವರಿಗೆ ತೋರಿಸಿ.

ಒಂದಕ್ಕೊಂದು ಅಂಟಿಕೊಂಡ ನೆಗೆಟಿವ್‌ಗಳನ್ನು ಎಳೆದು ಬಿಡಿಸಬೇಡಿ. ಚಿತ್ರ ಇರುವುದೇ ಮೇಲಿನ ತೆಳು ಪದರದಲ್ಲಿ, ಅದು ಕಿತ್ತು ಬಂದರೆ ಮುಗಿಯಿತು. ಸುಮ್ನೆ ಸುರುಟಿಕೊಂಡಿರುವ ಪಟ್ಟಿಗಳನ್ನು ಮಾತ್ರ ಕವರ್‌ಗೆ ಹಾಕಿ, ದಪ್ಪ ಪುಸ್ತಕಗಳ ಕೆಳಗೆ ಕೆಲವು ದಿನ ಇಡಿ. ಆಮೇಲೆ ಅರ್ಧ ತಲೆನೋವು ಕಡಿಮೆಯಾಗುತ್ತದೆ.

ಕ್ಯಾಮೆರಾ, ಲೆನ್ಸ್

35 ಎಂಎಂ ಫಿಲ್ಮ್‌ನ ಒಂದು ಫ್ರೇಮ್ 36 ಎಂಎಂ ಉದ್ದ, 24 ಎಂಎಂ ಅಗಲ. ನಿಮ್ಮದು ಫುಲ್ ಫ್ರೇಮ್ ಕ್ಯಾಮೆರಾ ಆದರೆ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಕೂಡ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಅಂದರೆ ಲೆನ್ಸ್ 1:1 ಮ್ಯಾಕ್ರೋ ಇರಬೇಕು, ಫ್ರೇಮ್ ಎಷ್ಟಿದೆಯೋ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಮೂಡಬೇಕು. ಎಪಿಎಸ್-ಸಿ ಕ್ಯಾಮೆರಾದ ಸೆನ್ಸರ್ ಚಿಕ್ಕದು, ಅದಕ್ಕೆ ಸುಮಾರು 0.65 ಪಟ್ಟು ಸಾಕು. ಇನ್ನೂ ಚಿಕ್ಕ ಸೆನ್ಸರ್‌ನ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಗೆ 0.5 ಪಟ್ಟು ಸಾಕು. ಚಿಕ್ಕ ಸೆನ್ಸರ್ ಇದೆ ಅಂತ ಬೇಸರ ಬೇಡ, ಈ ಕೆಲಸದಲ್ಲಿ ಅದು ಲೆನ್ಸ್ ಹುಡುಕುವುದನ್ನು ಸುಲಭ ಮಾಡುತ್ತದೆ.

24 ಮೆಗಾಪಿಕ್ಸೆಲ್ ಧಾರಾಳ. ಫ್ರೇಮ್ ತುಂಬಾ ತೆಗೆದರೆ ಉದ್ದಕ್ಕೆ 6000 ಪಿಕ್ಸೆಲ್ ಸಿಗುತ್ತದೆ, ಸ್ಕ್ಯಾನರ್ ಲೆಕ್ಕದಲ್ಲಿ ಇಂಚಿಗೆ 4200ರಷ್ಟು. ಅಷ್ಟರಲ್ಲಿ ಫಿಲ್ಮ್‌ನ ಗ್ರೇನ್, ಅಂದರೆ ಚಿತ್ರ ಮೂಡಿಸುವ ಸಣ್ಣ ಕಣಗಳು, ಕಾಣಿಸಲು ಶುರುವಾಗಿರುತ್ತದೆ. 16 ಮೆಗಾಪಿಕ್ಸೆಲ್‌ನ ಹಳೆಯ ಕ್ಯಾಮೆರಾ ಇದ್ದರೂ ಹಿಂಜರಿಯಬೇಡಿ.

ಮ್ಯಾಕ್ರೋ ಲೆನ್ಸ್ ಇಲ್ಲದಿದ್ದರೆ ಎಕ್ಸ್‌ಟೆನ್ಷನ್ ಟ್ಯೂಬ್ ಬಳಸಬಹುದು. ಅದು ಗಾಜಿಲ್ಲದ ಖಾಲಿ ಕೊಳವೆ, ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಕೂರುತ್ತದೆ. ಲೆಕ್ಕ ಸುಲಭ: ಟ್ಯೂಬ್‌ನ ಉದ್ದವನ್ನು ಲೆನ್ಸ್‌ನ ಫೋಕಲ್ ಲೆಂತ್‌ನಿಂದ (ಲೆನ್ಸ್ ಮೇಲೆ ಎಂಎಂನಲ್ಲಿ ಬರೆದಿರುವ ಅಂಕಿ) ಭಾಗಿಸಿ. 50 ಎಂಎಂ ಲೆನ್ಸ್‌ಗೆ 25 ಎಂಎಂ ಟ್ಯೂಬ್ ಹಾಕಿದರೆ ಅರ್ಧ ಪಟ್ಟು, 50 ಎಂಎಂ ಹಾಕಿದರೆ 1:1. ಲೆನ್ಸ್ ಮುಂದೆ ತಿರುಗಿಸಿ ಹಾಕುವ ಕ್ಲೋಸ್‌ಅಪ್ ಫಿಲ್ಟರ್‌ಗಳನ್ನು ನಾನು ಹೇಳುವುದಿಲ್ಲ. ಅಗ್ಗದವುಗಳಲ್ಲಿ ಮೂಲೆಗಳು ಮಸುಕಾಗುತ್ತವೆ.

ಬೆಳಕು

ಕ್ಯಾಮೆರಾಗಿಂತ ಜಾಸ್ತಿ ಯೋಚನೆ ಮಾಡಬೇಕಾದ್ದು ಇದಕ್ಕೆ. ಫಿಲ್ಮ್ ಕೆಳಗಿನಿಂದ ಬರುವ ಬೆಳಕು ಎಲ್ಲ ಕಡೆ ಸಮವಾಗಿರಬೇಕು. ಅದರಲ್ಲಿ ಎಲ್ಲ ಬಣ್ಣಗಳೂ ಇರಬೇಕು. ಎಲ್‌ಇಡಿ ಪ್ಯಾನೆಲ್ ತೆಗೆದುಕೊಳ್ಳುವಾಗ ಡಬ್ಬದ ಮೇಲೆ ಸಿಆರ್‌ಐ (ಆ ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಳತೆ) ಅನ್ನುವ ಅಂಕಿ ನೋಡಿ, 95 ಅಥವಾ ಅದಕ್ಕಿಂತ ಹೆಚ್ಚು ಇರಲಿ. ಕಡಿಮೆ ಇರುವ ದೀಪದಲ್ಲಿ ಕೆಲವು ಬಣ್ಣಗಳು ಮೊದಲೇ ಸೊರಗಿರುತ್ತವೆ. ಆಮೇಲೆ ಮುಖದ ಬಣ್ಣ ಸರಿಮಾಡಲು ಎಷ್ಟು ಒದ್ದಾಡಿದರೂ ಆಗುವುದಿಲ್ಲ.

ಟ್ಯಾಬ್ಲೆಟ್ ಪರದೆಯಲ್ಲಿ ಬಿಳಿ ಪುಟ ತೆರೆದು ಅದರ ಮೇಲೆ ನೆಗೆಟಿವ್ ಇಡುವವರೂ ಇದ್ದಾರೆ. ಪರೀಕ್ಷೆಗೆ ಪರವಾಗಿಲ್ಲ. ಆದರೆ ಫಿಲ್ಮ್ ಅನ್ನು ನೇರವಾಗಿ ಪರದೆಯ ಮೇಲೆ ಇಟ್ಟರೆ ಪರದೆಯ ಚುಕ್ಕೆಗಳೂ ಫೋಟೋದಲ್ಲಿ ಬಂದುಬಿಡುತ್ತವೆ. ನಾಲ್ಕೈದು ಸೆಂಟಿಮೀಟರ್ ಎತ್ತರಿಸಿ. ಪ್ಯಾನೆಲ್ ಆದರೂ ಅಷ್ಟೇ, ಸ್ವಲ್ಪ ಅಂತರ ಇದ್ದರೆ ಅದರ ಮೇಲಿನ ಧೂಳು, ಗೀರು ಫೋಕಸ್‌ಗೆ ಬರುವುದಿಲ್ಲ.

ಕೆಲವು ಎಲ್‌ಇಡಿ ದೀಪಗಳು ನಮ್ಮ ಕಣ್ಣಿಗೆ ಕಾಣದಂತೆ ಮಿನುಗುತ್ತಿರುತ್ತವೆ. ಷಟರ್ ಸ್ಪೀಡ್ 1/1000ಕ್ಕೆ ಇಟ್ಟು ಖಾಲಿ ಪ್ಯಾನೆಲ್‌ನ ಒಂದು ಫೋಟೋ ತೆಗೆಯಿರಿ. ಅಡ್ಡ ಪಟ್ಟಿಗಳು ಕಂಡರೆ ದೀಪ ಮಿನುಗುತ್ತಿದೆ. ಆಗ ಬೆಳಕನ್ನು ಪೂರ್ತಿ ಜೋರು ಮಾಡಿ, 1/15 ಅಥವಾ ಅದಕ್ಕಿಂತ ನಿಧಾನದ ಷಟರ್ ಬಳಸಿ. ಪಟ್ಟಿಗಳು ಸಾಮಾನ್ಯವಾಗಿ ಮಾಯವಾಗುತ್ತವೆ.

ಫಿಲ್ಮ್ ಹಿಡಿಯುವುದು

ಫಿಲ್ಮ್ ಹಪ್ಪಳದ ಹಾಗೆ ಉಬ್ಬಿಕೊಂಡಿದ್ದರೆ ಮಧ್ಯ ಸ್ಪಷ್ಟ, ಅಂಚು ಮಸುಕು. ಮಾರುಕಟ್ಟೆಯಲ್ಲಿ ಸಿಗುವ ಹೋಲ್ಡರ್‌ಗಳು ಪಟ್ಟಿಯನ್ನು ಸಪಾಟಾಗಿ ಹಿಡಿಯುತ್ತವೆ. ಒಂದು ಕಡೆಯಿಂದ ತೂರಿಸಿ ಇನ್ನೊಂದು ಕಡೆಯಿಂದ ಎಳೆದುಕೊಂಡರೆ ಆಯಿತು. ನೂರಾರು ಫ್ರೇಮ್ ಇದ್ದರೆ ಕೊಳ್ಳುವುದೇ ಒಳ್ಳೆಯದು.

ಕೊಳ್ಳುವ ಮನಸ್ಸಿಲ್ಲದಿದ್ದರೆ ದಪ್ಪ ಕಪ್ಪು ರಟ್ಟಿನ ಎರಡು ತುಂಡು ಸಾಕು. ಎರಡರಲ್ಲೂ ಒಂದೇ ಜಾಗದಲ್ಲಿ ಕಿಂಡಿ ಕೊರೆಯಿರಿ. 24×36ಕ್ಕಿಂತ ಒಂದೆರಡು ಮಿಲಿಮೀಟರ್ ದೊಡ್ಡದಿರಲಿ, ಚಿತ್ರದ ಸುತ್ತ ಖಾಲಿ ಫಿಲ್ಮ್‌ನ ಅಂಚೂ ಕಾಣಬೇಕು. ಆ ಅಂಚಿನಿಂದ ಮುಂದೆ ದೊಡ್ಡ ಉಪಯೋಗ ಇದೆ. ಎರಡು ರಟ್ಟಿನ ನಡುವೆ ಕಾಗದದ ತೆಳು ಪಟ್ಟಿಗಳನ್ನು 35 ಎಂಎಂ ಅಂತರದಲ್ಲಿ ಅಂಟಿಸಿದರೆ ಫಿಲ್ಮ್ ಓಡಾಡಲು ದಾರಿಯಾಗುತ್ತದೆ. ಕಿಂಡಿಯ ಅಂಚು ಒರಟಾಗಿದ್ದರೆ ಫಿಲ್ಮ್ ಗೀರುತ್ತದೆ, ಬೆರಳಾಡಿಸಿ ನೋಡಿ.

ಸಾದಾ ಗಾಜಿನ ಕೆಳಗೆ ಒತ್ತಿಡುವ ಯೋಚನೆ ಎಲ್ಲರಿಗೂ ಬರುತ್ತದೆ. ಫಿಲ್ಮ್‌ನ ನುಣುಪು ಬದಿ ಗಾಜಿಗೆ ತಾಗಿದರೆ ನೀರಿನ ಮೇಲೆ ಎಣ್ಣೆ ಹರಡಿದ ಹಾಗೆ ಬಣ್ಣದ ಉಂಗುರಗಳು ಮೂಡುತ್ತವೆ. ನ್ಯೂಟನ್ ಉಂಗುರ ಅಂತ ಹೆಸರು. ಗಾಜು ಬೇಕೇ ಬೇಕು ಅನ್ನುವಷ್ಟು ಸುರುಟಿದ ಫಿಲ್ಮ್‌ಗೆ ಆಂಟಿ-ನ್ಯೂಟನ್ ಗಾಜು ಅಂತಲೇ ಸಿಗುತ್ತದೆ.

ಕ್ಯಾಮೆರಾ ನೇರ ಇದೆಯಾ? ಕನ್ನಡಿಯಿಂದ ನೋಡಿ

ಕ್ಯಾಮೆರಾ ಕೆಳಮುಖವಾಗಿ, ಅಲುಗಾಡದೆ ನಿಲ್ಲಬೇಕು. ಕಾಪಿ ಸ್ಟ್ಯಾಂಡ್ ಇದ್ದರೆ ಸರಿ. ನಡುಗಂಬವನ್ನು ತಲೆಕೆಳಗು ಮಾಡಬಹುದಾದ ಅಥವಾ ಅಡ್ಡ ಚಾಚಬಹುದಾದ ಟ್ರೈಪಾಡ್ ಕೂಡ ಆಗುತ್ತದೆ.

ಫಿಲ್ಮ್ ಮತ್ತು ಸೆನ್ಸರ್ ಒಂದಕ್ಕೊಂದು ಪೂರ್ತಿ ಸಮಾಂತರ ಇರಬೇಕು. ಇಷ್ಟು ಹತ್ತಿರದಲ್ಲಿ ಕೂದಲೆಳೆಯಷ್ಟು ವಾಲಿದರೂ ಒಂದು ಮೂಲೆ ಫೋಕಸ್ ತಪ್ಪುತ್ತದೆ. ಇದಕ್ಕೆ ಒಂದು ಚಂದದ ಉಪಾಯ ಇದೆ. ಫಿಲ್ಮ್ ಇಡುವ ಜಾಗದಲ್ಲಿ ಒಂದು ಚಿಕ್ಕ ಕನ್ನಡಿ ಇಡಿ. ಕ್ಯಾಮೆರಾದ ಪರದೆಯಲ್ಲಿ ನೋಡಿ, ಲೆನ್ಸ್‌ಗೆ ತನ್ನದೇ ಪ್ರತಿಬಿಂಬ ಕಾಣುತ್ತದೆ. ಅದು ಫೋಕಸ್‌ಗೆ ಬರುವ ತನಕ ರಿಂಗ್ ತಿರುಗಿಸಿ. ಕಪ್ಪಗೆ, ದುಂಡಗೆ ಲೆನ್ಸ್‌ನ ಬಾಯಿ ಕಾಣುತ್ತದೆ. ಅದು ಪರದೆಯ ನಟ್ಟನಡುವೆ ಇದ್ದರೆ ಕ್ಯಾಮೆರಾ ನೇರ ಇದೆ. ಎಡಕ್ಕೋ ಬಲಕ್ಕೋ ಸರಿದಿದ್ದರೆ ಟ್ರೈಪಾಡ್ ತಲೆಯನ್ನು ಒಂದಿಷ್ಟೇ ವಾಲಿಸಿ ಮತ್ತೆ ನೋಡಿ. ಸ್ಪಿರಿಟ್ ಲೆವೆಲ್‌ಗಿಂತ ನನಗೆ ಇದರ ಮೇಲೆಯೇ ನಂಬಿಕೆ. ಮೇಜೇ ವಾಲಿದ್ದರೂ ಕನ್ನಡಿ ಸರಿಯಾದ ಉತ್ತರ ಕೊಡುತ್ತದೆ.

ಧೂಳು

ಒಳ್ಳೆಯ ಫಿಲ್ಮ್ ಸ್ಕ್ಯಾನರ್‌ಗಳಲ್ಲಿ ಇನ್‌ಫ್ರಾರೆಡ್ ಬೆಳಕಿನಿಂದ ಧೂಳು ಪತ್ತೆಹಚ್ಚಿ ಅಳಿಸುವ ವ್ಯವಸ್ಥೆ ಇರುತ್ತದೆ. ನಮ್ಮ ಕ್ಯಾಮೆರಾದಲ್ಲಿ ಅದಿಲ್ಲ. ಇಲ್ಲಿ ಒಂದು ಕಣ ಬಿಟ್ಟರೆ ಆಮೇಲೆ ಮೌಸ್ ಹಿಡಿದು ನಾವೇ ಅಳಿಸಬೇಕು. ಹತ್ತಿಯ ಕೈಗವಸು ಹಾಕಿ, ಪಟ್ಟಿಯನ್ನು ಅಂಚಿನಲ್ಲಿ ಹಿಡಿಯಿರಿ. ಎರಡೂ ಬದಿಗೆ ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಿ. ಆಮೇಲೂ ಉಳಿದಿದ್ದಕ್ಕೆ ಮೆತ್ತನೆಯ ಆಂಟಿಸ್ಟ್ಯಾಟಿಕ್ ಬ್ರಷ್. ಬಾಯಿಂದ ಊದಬೇಡಿ, ಎಂಜಲಿನ ಹನಿ ಬಿದ್ದರೆ ಕಲೆ ಆಗುತ್ತದೆ. ನೀರು ಮುಟ್ಟಿಸಬೇಡಿ, ಬಟ್ಟೆಯಿಂದ ಉಜ್ಜಬೇಡಿ. ಬೆರಳಿನ ಗುರುತು ಗಟ್ಟಿಯಾಗಿ ಕೂತಿದ್ದರೆ ಫಿಲ್ಮ್‌ಗೆಂದೇ ಮಾಡಿದ ಕ್ಲೀನರ್ ಬಳಸಿ. ಮೊದಲು ಬೇಡದ ಫ್ರೇಮ್‌ನ ಮೇಲೆ ನೋಡಿ.

ಫ್ಯಾನ್ ಆರಿಸುವುದನ್ನು ಮರೆಯಬೇಡಿ.

ಫೋಟೋ ತೆಗೆಯುವ ಹೊತ್ತು

ಕೋಣೆಯ ಎಲ್ಲ ದೀಪ ಆರಿಸಿ, ಕಿಟಕಿಯ ಪರದೆ ಎಳೆಯಿರಿ. ಇದನ್ನು ನಾನು ಕೆಟ್ಟು ಕಲಿತೆ. ಒಮ್ಮೆ ಟ್ಯೂಬ್‌ಲೈಟ್ ಉರಿಯುತ್ತಿರುವಾಗಲೇ ಪೂರ್ತಿ ರೀಲು ತೆಗೆದೆ. ಪಾಸಿಟಿವ್ ಮಾಡಿದಾಗ ಪ್ರತಿ ಫೋಟೋದ ಆಕಾಶದಲ್ಲೂ ಒಂದೇ ಜಾಗದಲ್ಲಿ ಉದ್ದನೆಯ ಬೂದು ಕಲೆ. ಫಿಲ್ಮ್ ಕೆಟ್ಟಿದೆ ಅಂತ ಎದೆ ಧಸಕ್ ಅಂದಿತು. ಆಮೇಲೆ ಗೊತ್ತಾಯಿತು, ಅದು ಫಿಲ್ಮ್ ಮೇಲೆ ಬಿದ್ದ ಟ್ಯೂಬ್‌ಲೈಟ್‌ನ ಪ್ರತಿಫಲನ. 36 ಫ್ರೇಮನ್ನೂ ಮತ್ತೆ ತೆಗೆದೆ. ಪ್ಯಾನೆಲ್‌ನ ಉಳಿದ ಜಾಗವನ್ನೂ ಕಪ್ಪು ರಟ್ಟಿನಿಂದ ಮುಚ್ಚಿ, ಬೆಳಕು ಕಿಂಡಿಯಿಂದ ಮಾತ್ರ ಬರಲಿ. ಬಿಳಿ ಅಂಗಿ ಹಾಕಿಕೊಂಡು ಫಿಲ್ಮ್ ಮೇಲೆ ಬಗ್ಗಿದರೂ ಪ್ರತಿಫಲನ ಬೀಳುತ್ತದೆ.

ಫಿಲ್ಮ್‌ನ ಯಾವ ಬದಿ ಮೇಲೆ? ಚಿತ್ರದ ಪದರ ಇರುವ ಎಮಲ್ಷನ್ ಬದಿ ಸ್ವಲ್ಪ ಮಂಕು, ಇನ್ನೊಂದು ಹೊಳೆಯುತ್ತದೆ. ನಾನು ಮಂಕು ಬದಿಯನ್ನು ಕ್ಯಾಮೆರಾ ಕಡೆ ಇಡುತ್ತೇನೆ, ಪ್ರತಿಫಲನ ಕಡಿಮೆ. ಹಾಗೆ ಇಟ್ಟರೆ ಚಿತ್ರ ಎಡಬಲ ಅದಲುಬದಲಾಗಿ ಬರುತ್ತದೆ, ಕಂಪ್ಯೂಟರ್‌ನಲ್ಲಿ ತಿರುಗಿಸಿದರಾಯಿತು. ಹೊಳೆಯುವ ಬದಿ ಮೇಲಿಟ್ಟರೆ ಅಂಚಿನ ಅಕ್ಷರ ನೇರವಾಗಿ ಓದಲು ಬರುತ್ತದೆ, ತಿರುಗಿಸುವ ಕೆಲಸ ಇಲ್ಲ. ಯಾವುದಾದರೂ ಸರಿ, ಎಲ್ಲ ರೀಲಿಗೂ ಒಂದೇ ಪದ್ಧತಿ ಇಟ್ಟುಕೊಳ್ಳಿ.

ಕ್ಯಾಮೆರಾದ ಸೆಟ್ಟಿಂಗ್ ಹೀಗಿರಲಿ. ಫೈಲ್ ರಾ, ಅಂದರೆ ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲ್. ಮೋಡ್ ಮ್ಯಾನ್ಯುಯಲ್. ಐಎಸ್‌ಒ 100, ಅಥವಾ ನಿಮ್ಮ ಕ್ಯಾಮೆರಾದ ಮೂಲ ಐಎಸ್‌ಒ. ವೈಟ್ ಬ್ಯಾಲೆನ್ಸ್ ಆಟೋ ಬೇಡ, ಯಾವುದೋ ಒಂದಕ್ಕೆ ಕಟ್ಟಿಹಾಕಿ. ಟ್ರೈಪಾಡ್ ಮೇಲಿರುವುದರಿಂದ ಸ್ಟೆಬಿಲೈಸೇಷನ್ ಆಫ್. ಷಟರ್ ಗುಂಡಿ ಒತ್ತುವಾಗ ಕ್ಯಾಮೆರಾ ಅದುರುತ್ತದೆ, ಹಾಗಾಗಿ 2 ಸೆಕೆಂಡ್ ಟೈಮರ್ ಅಥವಾ ರಿಮೋಟ್.

ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿ) ಎಫ್/5.6ರಿಂದ ಎಫ್/8ರ ಒಳಗೆ ಇರಲಿ. ಜಾಸ್ತಿ ಮುಚ್ಚಿದರೆ ಜಾಸ್ತಿ ಸ್ಪಷ್ಟ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. 1:1ರಲ್ಲಿ ತೆಗೆಯುವಾಗ ಎಫ್/8 ಎಂದರೆ ನಿಜಕ್ಕೂ ಎಫ್/16ರ ಹಾಗೆ ಕೆಲಸ ಮಾಡುತ್ತದೆ. ಇನ್ನೂ ಮುಚ್ಚಿದರೆ ಬೆಳಕು ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ.

ಫೋಕಸ್ ಕೈಯಿಂದಲೇ ಮಾಡಿ. ಲೈವ್ ವ್ಯೂನಲ್ಲಿ 10 ಪಟ್ಟು ದೊಡ್ಡದು ಮಾಡಿ. ಮುಖವನ್ನೋ ಮರವನ್ನೋ ನೋಡಬೇಡಿ, ಮೂಲ ಫೋಟೋದಲ್ಲೇ ಅದು ಮಸುಕಾಗಿರಬಹುದು. ಗ್ರೇನ್ ನೋಡಿ. ರಿಂಗ್ ತಿರುಗಿಸುತ್ತಾ ಹೋದ ಹಾಗೆ ಮೊದಲು ಮಂಜಿನಂತಿದ್ದದ್ದು, ಒಂದು ಕ್ಷಣಕ್ಕೆ ಸಣ್ಣ ರವೆ ಚೆಲ್ಲಿದ ಹಾಗೆ ಬಿಡಿಬಿಡಿಯಾಗಿ ಕಾಣುತ್ತದೆ, ಇನ್ನೊಂದಿಷ್ಟು ತಿರುಗಿಸಿದರೆ ಮತ್ತೆ ಮಂಜು. ಆ ರವೆ ಕಂಡ ಜಾಗವೇ ಫೋಕಸ್. ನಡುವೆ ನೋಡಿದ ಮೇಲೆ ನಾಲ್ಕೂ ಮೂಲೆ ನೋಡಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಮತ್ತೆ ಕನ್ನಡಿ ಇಡಿ. ನಾಲ್ಕೂ ಮಸುಕಾಗಿದ್ದರೆ ಫಿಲ್ಮ್ ಉಬ್ಬಿದೆ, ಇಲ್ಲವೇ ಲೆನ್ಸ್‌ನ ಮಿತಿ ಅಷ್ಟೇ.

ಬೆಳಕಿನ ಅಳತೆಗೆ ರೀಲಿನ ಖಾಲಿ ಜಾಗ ಹುಡುಕಿ. ಎರಡು ಫ್ರೇಮ್‌ಗಳ ನಡುವಿನ ಪಟ್ಟಿಯೂ ಆಗುತ್ತದೆ. ನೆಗೆಟಿವ್‌ನಲ್ಲಿ ಅದಕ್ಕಿಂತ ಬೆಳ್ಳಗಿನ ಜಾಗ ಇರುವುದಿಲ್ಲ, ಪಾಸಿಟಿವ್‌ನಲ್ಲಿ ಅದೇ ಕಪ್ಪು. ಹಿಸ್ಟೋಗ್ರಾಂನಲ್ಲಿ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಅಂತ ತೋರಿಸುವ ನಕ್ಷೆ) ಆ ಖಾಲಿ ಜಾಗದ ಗುಡ್ಡ ಬಲತುದಿಗೆ ಹತ್ತಿರ ಬರಬೇಕು, ಆದರೆ ಗೋಡೆಗೆ ಬಡಿಯಬಾರದು. ಬಣ್ಣದ ಫಿಲ್ಮ್ ಕಿತ್ತಳೆ ಇರುವುದರಿಂದ ಕೆಂಪು ಮೊದಲು ಬಡಿಯುತ್ತದೆ. ಮೂರೂ ಬಣ್ಣದ ಹಿಸ್ಟೋಗ್ರಾಂ ಬೇರೆಬೇರೆ ತೋರಿಸುವ ಕ್ಯಾಮೆರಾ ಆದರೆ ಕೆಂಪಿನದನ್ನು ನೋಡಿ. ಷಟರ್ ಸ್ಪೀಡ್ ಮಾತ್ರ ಬದಲಿಸಿ ಇದನ್ನು ಹೊಂದಿಸಿ.

ಒಮ್ಮೆ ಹೊಂದಿಸಿದ ಮೇಲೆ ಇಡೀ ರೀಲಿಗೆ ಅದೇ ಇರಲಿ. ಫ್ರೇಮ್‌ಗೊಂದು ಸೆಟ್ಟಿಂಗ್ ಮಾಡುತ್ತಾ ಹೋದರೆ ಒಂದೇ ದಿನ ತೆಗೆದ ಫೋಟೋಗಳು ಒಂದೊಂದು ಬಣ್ಣಕ್ಕೆ ಬರುತ್ತವೆ.

ಇನ್ನು ಎರಡು ಫೋಟೋ ಮರೆಯದೆ ತೆಗೆಯಿರಿ. ಒಂದು, ಫಿಲ್ಮ್ ಇಲ್ಲದೆ ಬರೀ ಬೆಳಕಿನದು. ಲೆನ್ಸ್ ಅಥವಾ ಪ್ಯಾನೆಲ್‌ನಿಂದ ಅಂಚುಗಳು ಕಪ್ಪಾಗಿದ್ದರೆ ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್‌ನ ಫ್ಲಾಟ್ ಫೀಲ್ಡ್ ಕರೆಕ್ಷನ್‌ನಂಥ ಸೌಲಭ್ಯ ಅದನ್ನು ನೋಡಿ ಸರಿಮಾಡುತ್ತದೆ. ಇನ್ನೊಂದು, ಆ ನೆಗೆಟಿವ್ ಇದ್ದ ಕವರಿನದು. ಕವರ್ ಮೇಲೆ ಯಾರೋ ಪೆನ್ನಿನಲ್ಲಿ ಬರೆದ ಹೆಸರು, ತಾರೀಖು ಇರುತ್ತದೆ ಅಲ್ವಾ? ಎಷ್ಟೋ ಸಲ ಫೋಟೋದಲ್ಲಿ ಇರುವವರು ಯಾರು ಅನ್ನುವುದಕ್ಕೆ ಉಳಿದಿರುವ ಒಂದೇ ಸುಳಿವು ಅದು. ಪ್ರತಿ ರೀಲಿನ ಮೊದಲ ಫೋಟೋ ಕವರಿನದ್ದೇ ಇರಲಿ.

ಪಾಸಿಟಿವ್ ಮಾಡುವುದು

ಕಪ್ಪುಬಿಳುಪಿನಿಂದ ಶುರು ಮಾಡಿ, ಕೈ ಪಳಗುತ್ತದೆ. ರಾ ಫೈಲ್ ತೆರೆದು ಬಣ್ಣ ತೆಗೆಯಿರಿ. ಕರ್ವ್‌ನ (ಬೆಳಕು-ಕತ್ತಲು ಹೊಂದಿಸುವ ಗೆರೆ) ಎಡತುದಿಯನ್ನು ಮೇಲಕ್ಕೆ, ಬಲತುದಿಯನ್ನು ಕೆಳಕ್ಕೆ ಎಳೆಯಿರಿ, ಚಿತ್ರ ತಿರುಗುತ್ತದೆ. ಆಮೇಲೆ ಹಿಸ್ಟೋಗ್ರಾಂನ ಎರಡೂ ಕಡೆಯ ಖಾಲಿ ಜಾಗ ಹೋಗುವಂತೆ ತುದಿಗಳನ್ನು ಒಳಕ್ಕೆ ತನ್ನಿ. ಕರ್ವ್ ತಲೆಕೆಳಗಾಗಿರುವುದರಿಂದ ಉಳಿದ ಸ್ಲೈಡರ್‌ಗಳು ಉಲ್ಟಾ ನಡೆಯುತ್ತವೆ. ಎಕ್ಸ್‌ಪೋಷರ್ ಹೆಚ್ಚಿಸಿದರೆ ಚಿತ್ರ ಕಪ್ಪಾಗುತ್ತದೆ. ಗಾಬರಿಯಾಗಬೇಡಿ. ಈ ಗೊಂದಲ ಬೇಡ ಅನ್ನಿಸಿದರೆ ಟಿಫ್ (ಗುಣ ಕೆಡದಂತೆ ಉಳಿಸುವ ಚಿತ್ರದ ಫೈಲ್) ಆಗಿ ಉಳಿಸಿ, ಅದನ್ನು ಮತ್ತೆ ತೆರೆದು ಮುಂದುವರಿಸಿ.

ಬಣ್ಣದ ನೆಗೆಟಿವ್‌ಗೆ ತಾಳ್ಮೆ ಬೇಕು. ಆ ಕಿತ್ತಳೆ ಬಣ್ಣ ಕೊಳೆಯಲ್ಲ, ಹಳೆಯದಾಗಿ ಬಂದಿದ್ದೂ ಅಲ್ಲ. ಫಿಲ್ಮ್‌ನಲ್ಲಿರುವ ಬಣ್ಣಗಳು ಪೂರ್ತಿ ಶುದ್ಧ ಇರುವುದಿಲ್ಲ. ಪ್ರಿಂಟ್ ಹಾಕುವಾಗ ಆ ಕೊರತೆ ಸರಿದೂಗಲಿ ಅಂತ ತಯಾರಕರೇ ಸೇರಿಸಿದ ಬಣ್ಣ ಅದು. ಹಾಗಾಗಿ ಸುಮ್ನೆ ಇನ್ವರ್ಟ್ ಒತ್ತಿದರೆ ಚಿತ್ರ ಪೂರ್ತಿ ನೀಲಿಗೆ ಬರುತ್ತದೆ.

ದಾರಿ ಹೀಗಿದೆ. ವೈಟ್ ಬ್ಯಾಲೆನ್ಸ್‌ನ ಪಿಕ್ಕರ್‌ನಿಂದ ಚಿತ್ರದ ಸುತ್ತಲಿನ ಖಾಲಿ ಅಂಚನ್ನು ಒತ್ತಿ. ರಟ್ಟಿನ ಕಿಂಡಿ ದೊಡ್ಡದಿರಲಿ ಅಂದಿದ್ದು ಇದಕ್ಕೇ. ಕಿತ್ತಳೆ ಹೋಗಿ ಅಂಚು ಬೂದು ಆಗುತ್ತದೆ. ಈಗ ಇನ್ವರ್ಟ್ ಮಾಡಿ. ಆಮೇಲೆ ಕೆಂಪು, ಹಸಿರು, ನೀಲಿ ಮೂರರ ಕರ್ವ್‌ನಲ್ಲೂ ಒಂದೊಂದಾಗಿ ಎರಡು ತುದಿಗಳನ್ನು ಆ ಬಣ್ಣದ ಹಿಸ್ಟೋಗ್ರಾಂ ಶುರುವಾಗುವ ಜಾಗಕ್ಕೆ ತನ್ನಿ. ಇದು ಮುಗಿಯುವಷ್ಟರಲ್ಲಿ ಮುಕ್ಕಾಲು ಪಾಲು ಬಣ್ಣ ತಾನಾಗಿಯೇ ಕೂತಿರುತ್ತದೆ. ಉಳಿದಿದ್ದಕ್ಕೆ ಬಣ್ಣ ಗೊತ್ತಿರುವ ಏನಾದರೂ ಹುಡುಕಿ: ಬಿಳಿ ಅಂಗಿ, ಸಿಮೆಂಟ್ ಗೋಡೆ, ಡಾಂಬರು ರಸ್ತೆ. ಅದು ಸರಿಯಾದರೆ ಮುಖಗಳೂ ಸರಿಯಾಗುತ್ತವೆ.

ಇದನ್ನೇ ಮಾಡಿಕೊಡುವ ಸಾಧನಗಳಿವೆ. ಡಾರ್ಕ್‌ಟೇಬಲ್ ಉಚಿತ, ಅದರಲ್ಲಿ 2020ರಿಂದ ನೆಗಾಡಾಕ್ಟರ್ ಅನ್ನುವ ಮಾಡ್ಯೂಲ್ ಇದೆ. ಅಲ್ಲೂ ಮೊದಲ ಕೆಲಸ ಖಾಲಿ ಫಿಲ್ಮ್‌ನ ಬಣ್ಣ ತೋರಿಸುವುದೇ. ರಾಥೆರಪಿಯಲ್ಲೂ ಫಿಲ್ಮ್ ನೆಗೆಟಿವ್ ಸಾಧನ ಇದೆ, ಅದೂ ಉಚಿತ. ಲೈಟ್‌ರೂಮ್ ಕ್ಲಾಸಿಕ್ ಬಳಸುವವರಿಗೆ ನೆಗೆಟಿವ್ ಲ್ಯಾಬ್ ಪ್ರೋ ಅನ್ನುವ ಪ್ಲಗಿನ್ ಸಿಗುತ್ತದೆ, ದುಡ್ಡು ಕೊಡಬೇಕು. ರೀಲುಗಟ್ಟಲೆ ಇದ್ದರೆ ಸಮಯ ಉಳಿಯುತ್ತದೆ. ಆದರೂ ಒಂದು ಫ್ರೇಮನ್ನಾದರೂ ಕೈಯಿಂದ ಮಾಡಿ ನೋಡಿ. ಸಾಫ್ಟ್‌ವೇರ್ ಎಲ್ಲಿ ಎಡವುತ್ತಿದೆ ಅಂತ ಕಣ್ಣಿಗೆ ಗೊತ್ತಾಗಬೇಕಾದರೆ ಅದು ಬೇಕು.

ಸ್ಲೈಡ್ ಇದ್ದರೆ ಇನ್ವರ್ಟ್ ಬೇಡ, ಅದು ಮೊದಲೇ ಪಾಸಿಟಿವ್. ಅಲ್ಲಿ ಅಳತೆಯೂ ಬೇರೆ: ಬೆಳ್ಳಗಿನ ಜಾಗದ ವಿವರ ಸುಟ್ಟುಹೋಗದಂತೆ ನೋಡಿಕೊಳ್ಳಿ. ಕಪ್ಪು ಬಹಳ ಗಾಢ ಇದ್ದರೆ ಬೇರೆಬೇರೆ ಷಟರ್ ಸ್ಪೀಡ್‌ನಲ್ಲಿ ಎರಡು ಮೂರು ಫೋಟೋ ತೆಗೆದು ಸೇರಿಸಬಹುದು.

ಉಳಿದ ಧೂಳನ್ನು ಕೊನೆಯಲ್ಲಿ, 100 ಪ್ರತಿಶತಕ್ಕೆ ದೊಡ್ಡದು ಮಾಡಿ ಹೀಲಿಂಗ್ ಬ್ರಷ್‌ನಿಂದ ಅಳಿಸಿ. ಮುಖದ ಮೇಲಿನ ಪ್ರತಿ ಚುಕ್ಕೆಯನ್ನೂ ಧೂಳು ಅಂದುಕೊಳ್ಳಬೇಡಿ, ಮಚ್ಚೆಯೂ ಇರಬಹುದು. ಗ್ರೇನ್ ಅಳಿಸಲು ಹೋಗಬೇಡಿ ಅಂತ ನನ್ನ ಕೋರಿಕೆ. ಅದನ್ನು ಒರೆಸಿದರೆ ಮುಖ ಮೇಣದ ಗೊಂಬೆಯಂತಾಗುತ್ತದೆ.

ಉಳಿಸಿಡುವುದು

ರಾ ಫೈಲ್ ಎಂದೂ ಅಳಿಸಬೇಡಿ, ಅದೇ ನಿಮ್ಮ ಡಿಜಿಟಲ್ ನೆಗೆಟಿವ್. ಸರಿಮಾಡಿದ್ದನ್ನು 16 ಬಿಟ್ ಟಿಫ್ ಆಗಿ ಇಟ್ಟುಕೊಂಡು, ಮನೆಯವರಿಗೆ ಕಳಿಸಲು ಜೆಪೆಗ್ ಮಾಡಿ. ಫೈಲ್‌ನಲ್ಲಿ ಇವತ್ತಿನ ತಾರೀಖು ದಾಖಲಾಗಿರುತ್ತದೆ, ಫೋಟೋ ತೆಗೆದ ವರ್ಷವನ್ನು ನೀವೇ ಬರೆಯಬೇಕು. ಖಚಿತ ಗೊತ್ತಿಲ್ಲದಿದ್ದರೆ ‘1985ರ ಸುಮಾರಿಗೆ’ ಅಂತ ವಿವರಣೆಯಲ್ಲಿ ಬರೆದರೂ ಸಾಕು. ಯಾರು ಯಾರಿದ್ದಾರೆ ಅನ್ನುವುದನ್ನು ಗುರುತು ಹಿಡಿಯುವ ಹಿರಿಯರು ಇರುವಾಗಲೇ ಕೂತು ಕೇಳಿ ಬರೆದುಕೊಳ್ಳಿ. ಎಲ್ಲದರ ಪ್ರತಿ ಎರಡು ಡಿಸ್ಕ್‌ನಲ್ಲಿರಲಿ, ಮೂರನೆಯದು ಬೇರೆ ಮನೆಯಲ್ಲೋ ಕ್ಲೌಡ್‌ನಲ್ಲೋ ಇರಲಿ.

ಡಿಜಿಟಲ್ ಆಯಿತು ಅಂತ ನೆಗೆಟಿವ್ ಎಸೆಯಬೇಡಿ. ಪಿವಿಸಿ ಕವರ್ ಬಿಟ್ಟು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್‌ಗೆ ಹಾಕಿ, ತಂಪಾಗಿ ಒಣಗಿರುವ ಜಾಗದಲ್ಲಿ ಇಡಿ. ಕವರ್ ಮೇಲೆ ಒಂದು ಸಂಖ್ಯೆ ಬರೆದು, ಕಂಪ್ಯೂಟರ್‌ನ ಫೋಲ್ಡರ್‌ಗೂ ಅದೇ ಸಂಖ್ಯೆ ಕೊಡಿ. ನಾಳೆ ಯಾರಾದರೂ ಆ ಮರದ ಕೆಳಗಿನ ಸೈಕಲ್ ಇನ್ನೂ ದೊಡ್ಡದಾಗಿ ಬೇಕು ಅಂದರೆ, ಯಾವ ಪಟ್ಟಿ ಅಂತ ಹುಡುಕಲು ಒಂದು ನಿಮಿಷವೂ ಹಿಡಿಯುವುದಿಲ್ಲ.